ಯಂತ್ರದ ಬಂಡಿಯೂ ಮೇಟಿಯ ಎತ್ತೂ

ಈಚೆಗೆ ಶಾಲೆಗಳಲ್ಲಿ 'ರೋಬಾಟ್' ಎಂಬ ಶಬ್ದವು ಪದೇ ಪದೇ ಕಿವಿಗೆ ಬೀಳುತ್ತಿದೆ. ಚೆಕ್ ನಾಟಕಕಾರ ಕಾರೆಲ್ ಚಾಪೆಕ್‌ನು 1920ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಅದು ಲೋಕಕ್ಕೆಲ್ಲ ಹಬ್ಬಿತು. ಅದರ ಮೂಲದಲ್ಲಿರುವ ಅರ್ಥ ಬಿಟ್ಟಿ ದುಡಿಮೆ. ಕನ್ನಡ ಪಂಡಿತನಿಗೆ ಇಲ್ಲಿ ಏನು ಕೆಲಸವೆಂದು ವಾಚಕ ಮಹಾಶಯರು ಕೇಳಬಹುದು. ಕೆಲಸವುಂಟು.

ಕಡೂರು, ತರೀಕೆರೆ, ಅಜ್ಜಂಪುರಗಳ ಶಾಲೆಗಳು ಕೂಡಿ, ಗೆರೆ ಹಿಡಿದು ನಡೆಯುವ ಪುಟ್ಟ ಯಂತ್ರಬಂಡಿಗಳ ಸ್ನೇಹಸ್ಪರ್ಧೆಯೊಂದನ್ನು ವರ್ಷಕ್ಕೊಮ್ಮೆ ಏರ್ಪಡಿಸಬೇಕೆಂಬುದು ನನ್ನ ಅಭಿಮತ. ನಿಬಂಧನೆ ಒಂದೇ: ಸಿದ್ಧವಾದ ಬಂಡಿಯನ್ನು ಪೇಟೆಯಿಂದ ಕೊಂಡು ತರಕೂಡದು.

ಅದರ ರಚನೆ ಸರಳವಾದುದು. ಬಂಡಿಯ ಮುಂಭಾಗದಲ್ಲಿ ನೆಲವನ್ನು ನೋಡುವ ಎರಡು ಸಂವೇದಕಗಳು ಕಪ್ಪು ಗೆರೆಯ ಇಕ್ಕೆಲಗಳಲ್ಲಿದ್ದು ಅವಕೆಂಪು ಕಿರಣಗಳನ್ನು ಸೂಸುತ್ತವೆ. ಬಿಳಿಯ ನೆಲವು ಕಿರಣವನ್ನು ಮರಳಿಸುತ್ತದೆ, ಕಪ್ಪು ಗೆರೆಯು ನುಂಗುತ್ತದೆ. ಎಡದ ಸಂವೇದಕವು ಕಪ್ಪನ್ನು ಕಂಡರೆ ಎಡದ ಮೋಟಾರು ನಿಧಾನಿಸಿ ಬಂಡಿಯು ಎಡಕ್ಕೆ ಹೊರಳುತ್ತದೆ. ಕಣ ತುಳಿಸುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಮೇಟಿಯ ಪಕ್ಕದ ಎತ್ತು ಮೆಲ್ಲಗೆ ನಡೆಯುತ್ತದೆ, ಹೊರಗಿನದು ಬಿರುಸಾಗಿ ಸುತ್ತುತ್ತದೆ. ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿರುವ ಅಜ್ಜಂಪುರದ ಮಕ್ಕಳಿಗೆ ಎತ್ತಿನ ದೃಷ್ಟಾಂತವನ್ನು ಹೊರಗಿನವರು ಹೇಳಬೇಕೆ?

ಇನ್ನು 'ಕಂಡರೆ' ಎಂಬುದು ವ್ಯಾಕರಣದಲ್ಲಿ ಪಕ್ಷಾರ್ಥಕ. ಯಂತ್ರಕ್ಕೆ ಬರೆಯುವ ಆದೇಶಗಳಲ್ಲಿ ಬಹುಪಾಲು ಇಂಥ ವಾಕ್ಯಗಳೇ. ಬಾಲಕರು ಮೊದಲು ಅವನ್ನು ಕನ್ನಡದಲ್ಲಿ ಬರೆಯಲಿ. ಎರಡೂ ಸಂವೇದಕಗಳು ಕಪ್ಪನ್ನು ಕಂಡರೆ ಮಾಡುವುದೇನು? ಬಿಟ್ಟುಹೋದ ಸಂದರ್ಭವು ಕಾಗದದ ಮೇಲೆಯೇ ಹೊರಬೀಳುತ್ತದೆ.

ಒಂದು ವಸ್ತುಪ್ರದರ್ಶನದಲ್ಲಿ, ಊರಿನ ಹೆಸರು ಬೇಡ, ಬೆಲೆಬಾಳುವ ಬಂಡಿಯೊಂದು ಕಿಟಕಿಯ ಬಳಿಗೆ ಬಂದೊಡನೆ ದಿಕ್ಕುಗೆಟ್ಟಿತು. ತಂದ ಹುಡುಗನು ಪೆಟ್ಟಿಗೆಯನ್ನೇ ತಿರುಗಿಸಿ ಮುರುಗಿಸಿ ನೋಡುತ್ತ ಕಣ್ಣೀರು ತಂದುಕೊಂಡನು; ಜೋಡಿಸಿದವನು ಅವನಲ್ಲವಷ್ಟೆ! ಪಕ್ಕದಲ್ಲಿದ್ದ ಬಾಲಕಿಯ ಬಂಡಿ ಬರಿಯ ರಟ್ಟಿನದು, ಮೋಟಾರುಗಳೋ ಹಳೆಯ ಆಟಿಕೆಯವು. ಬಿಸಿಲಿನಲ್ಲಿಯೂ ಅವಕೆಂಪು ಕಿರಣವಿರುವುದನ್ನು ಅವಳು ತನ್ನ ಸೋಲಿನಿಂದಲೇ ಕಲಿತಿದ್ದಳು. ರಟ್ಟನ್ನು ಕತ್ತರಿಸಿ ಅವನ ಬಂಡಿಗೂ ಮರೆ ಕಟ್ಟಿಕೊಟ್ಟಳು. ಬಹುಮಾನ ಮಾತ್ರ ಹುಡುಗನಿಗೆ ಸಂದಿತು. ಆ ತೀರ್ಪು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ನೆರವುಂಟು, ಸಂತೋಷ. ಆಯ್ಕೆಯಾಗದ ಶಾಲೆಯ ಮಗುವೂ ಸರಿಸಮನಾಗಿ ನಿಲ್ಲಬೇಕಾದರೆ ತೀರ್ಪಿನ ಕ್ರಮ ಬದಲಾಗಬೇಕು. ಓಟಕ್ಕೆ ಅರ್ಧ ಅಂಕಗಳಿರಲಿ. ಉಳಿದರ್ಧಕ್ಕೆ ತೀರ್ಪುಗಾರರು ಬಂಡಿಯಿಂದ ಒಂದು ತಂತಿಯನ್ನು ಕಿತ್ತು, "ಮಗು, ಇದನ್ನು ಸರಿಪಡಿಸು" ಎಂದು ಅದರ ಕೈಗೆ ಕೊಡಲಿ.