ಕಳಿಸುವ ಚೀಟಿ ಇದೆ, ಮರಳುವ ಪತ್ರವಿಲ್ಲ

ಕೋಲಾರ ಜಿಲ್ಲೆಯ ಶಿವಾರಪಟ್ಟಣದಲ್ಲಿ ಕೆತ್ತಿದ ದೇವರು ರಾಜ್ಯದ ಗಡಿ ದಾಟಿ ಗುಡಿ ಸೇರುತ್ತಾನೆ. ಆ ಊರಿನ ಕಾಯಂ ರೋಗಿಗೆ ಮಾತ್ರ ಮಾತ್ರೆಯ ಡೋಸ್ ಬದಲಿಸಬೇಕೆಂದರೂ ಮಾಲೂರಿಗೆ ಬಂದು ಬೆಂಗಳೂರಿನ ರೈಲು ಹತ್ತುವುದೇ ಗತಿ.

2018ರ ಮಾರ್ಚ್‌ನಲ್ಲಿ ‘ಆರೋಗ್ಯ ಕರ್ನಾಟಕ’ ಯೋಜನೆ ಬಂದಾಗ ರೆಫರಲ್ ಚೀಟಿಯ ಬಗ್ಗೆ ದೊಡ್ಡ ಗಲಾಟೆಯೇ ಆಯಿತು. ತುರ್ತು ಸಂದರ್ಭ ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ಚೀಟಿ ಇಲ್ಲದೆ ಖಾಸಗಿಯಲ್ಲಿ ಸೌಲಭ್ಯ ಇಲ್ಲ ಎಂಬ ನಿಯಮ ಅದು. ಸುಮ್ಮನೆ ಅಲೆಸುತ್ತಾರೆ ಎಂದು ಜನ ಬೈದರು. ನನ್ನ ತಕರಾರು ಚೀಟಿಯ ಮೇಲಲ್ಲ. ಅದು ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುತ್ತದೆ. ಮೇಲಿನ ತಜ್ಞರು ಕಳಿಸಿದ ವೈದ್ಯರಿಗೆ ಎರಡು ಸಾಲು ಬರೆಯುವ ಪದ್ಧತಿ ನಮ್ಮಲ್ಲಿ ಬೇರೂರಲೇ ಇಲ್ಲ. ರೋಗಿಯ ಕೈಗೆ ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿ ಕೊಟ್ಟರೆ ಕೆಲಸ ಮುಗಿಯಿತು.

ಫಿಟ್ಸ್‌ಗೆ ವ್ಯಾಲ್‌ಪ್ರೊಯೇಟ್ ನುಂಗುತ್ತಿರುವ ಹೆಣ್ಣುಮಗಳನ್ನು ನೆನೆಯಿರಿ. ಬಸುರಿಯಾದರೆ ಆ ಔಷಧಿ ಮಗುವಿಗೆ ಕೇಡು. ಹೆದರಿ ದಿಢೀರನೆ ಬಿಟ್ಟರೆ ತಾಯಿಯ ಜೀವಕ್ಕೇ ಸಂಚಕಾರ. ಆಕೆ ಬಸುರಿ ಎಂಬುದು ಊರಿನ ಆಶಾ ಕಾರ್ಯಕರ್ತೆಗೆ ಮೊದಲು ತಿಳಿಯುತ್ತದೆ, ಬೆಂಗಳೂರಿನ ನರತಜ್ಞರಿಗೆ ಕೊನೆಗೆ. ಕಲ್ಲಿನ ಕೆಲಸದವರದೂ ಇದೇ ಪಾಡು. ಗ್ರೈಂಡರ್ ಹಿಡಿದು ಗಟ್ಟಿಕಲ್ಲು ಉಜ್ಜುವವನ ಎದೆಯ ಎಕ್ಸ್‌ರೇಯಲ್ಲಿ ಕಲ್ಲುದೂಳಿನ ರೋಗವಾದ ಸಿಲಿಕೋಸಿಸ್ಸೂ ಕ್ಷಯದಂತೆಯೇ ಕಾಣಬಹುದು. ಸಿಲಿಕೋಸಿಸ್ ಇದ್ದವನಿಗೆ ಕ್ಷಯ ತಗಲುವ ಅಪಾಯವೂ ಹೆಚ್ಚು. ಅವನ ಕಸುಬು ಗೊತ್ತಿರುವುದು ಊರ ಹತ್ತಿರದ ವೈದ್ಯರಿಗೆ, ಶ್ವಾಸಕೋಶ ಗೊತ್ತಿರುವುದು ತಜ್ಞರಿಗೆ. ಇಬ್ಬರೂ ಮಾತಾಡದಿದ್ದರೆ ಅರ್ಧರ್ಧ ತಿಳಿದ ಇಬ್ಬರ ನಡುವೆ ರೋಗಿ ಕೆಮ್ಮುತ್ತಲೇ ಇರುತ್ತಾನೆ. ಚಿನ್ನದ ಗಣಿಯ ದೂಳಿನಿಂದ ಸಿಲಿಕೋಸಿಸ್ ಎಂದರೇನು ಎಂದು ದೇಶಕ್ಕೇ ತೋರಿಸಿದ ಜಿಲ್ಲೆ ಇದು ಎಂಬುದನ್ನು ಮರೆಯಬೇಡಿ.

ತಜ್ಞರ ಸಲಹೆಯಂತೆ ಊರ ಹತ್ತಿರದ ವೈದ್ಯರೇ ಚಿಕಿತ್ಸೆ ಮುಂದುವರಿಸಲಿ ಎಂದರೆ, ‘ಬರೀ ಎಂಬಿಬಿಎಸ್ ಓದಿದವರ ಕೈಗೆ ಇಂಥ ರೋಗಿಗಳನ್ನು ಕೊಡುವುದೇ?’ ಎನ್ನುವವರಿದ್ದಾರೆ. ಅವರಿಗೆ ಬಳ್ಳಾರಿಯೇ ಉತ್ತರ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮನೋರೋಗ, ಮೂರ್ಛೆರೋಗಗಳಿಗೆ ಅಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿತು. 1996ರಲ್ಲಿ ಶುರುವಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಕೋಲಾರಕ್ಕೂ ಇದು ಹೊಸತಲ್ಲ: 2022ರಲ್ಲಿ ನಿಮ್ಹಾನ್ಸ್ ಮತ್ತು ಆರೋಗ್ಯ ಇಲಾಖೆ ಸೇರಿ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಇದೂ ಒಂದು. ಮನೆಬಾಗಿಲಲ್ಲೇ ಸಕ್ಕರೆ ಕಾಯಿಲೆ, ಬಿಪಿ ತಪಾಸಣೆ ಮಾಡುವ ‘ಗೃಹ ಆರೋಗ್ಯ’ವೂ 2024ರಲ್ಲಿ ಮೊದಲು ಇಲ್ಲಿಗೇ ಬಂತು. ರೋಗ ಪತ್ತೆಗೆ ಇಷ್ಟು ಉತ್ಸಾಹ. ಪತ್ತೆಯಾದವರನ್ನು ಮುಂದಿನ ಇಪ್ಪತ್ತು ವರ್ಷ ಯಾರು ನೋಡಿಕೊಳ್ಳಬೇಕು ಎಂದರೆ ಮೌನ.

ಹಾಗೆಂದು ರೋಗಿಯನ್ನು ಕೆಳಕ್ಕೆ ದಬ್ಬಿ ಕೈತೊಳೆದುಕೊಂಡರೆ ಅದನ್ನು ಹೊಣೆಯ ಹಂಚಿಕೆ ಎನ್ನಲಾಗದು. ತಜ್ಞರು ಬರೆದ ಔಷಧಿ ಹಳ್ಳಿಯ ಕೇಂದ್ರದಲ್ಲಿ ಸಿಗದಿದ್ದರೆ ಮತ್ತೆ ಅದೇ ರೈಲು. ಕಡ್ಡಾಯ ಗ್ರಾಮೀಣ ಸೇವೆಗೆ ಬಂದ ಎಳೆಯ ವೈದ್ಯರು ವರ್ಷ ತುಂಬಿದೊಡನೆ ಹೊರಡುತ್ತಾರೆ. ರೋಗಿಯ ಚರಿತ್ರೆ ಅವರ ಜೊತೆಗೇ ಹೋಗಬಾರದು.

ಆದ್ದರಿಂದ ಇಲಾಖೆಗೆ ನನ್ನ ಬೇಡಿಕೆ ನೇರ. ‘ಆರೋಗ್ಯ ಕರ್ನಾಟಕ’ ಯೋಜನೆಯಡಿ ಆಸ್ಪತ್ರೆಗೆ ಹಣ ಕೊಡುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ದೀರ್ಘಕಾಲದ ರೋಗಿಯ ವಿಷಯದಲ್ಲಿ, ಕಳಿಸಿದ ವೈದ್ಯರಿಗೆ ಒಂದು ಪುಟದ ಪತ್ರ ಹೋಗದೆ ಬಿಲ್ ಪಾಸಾಗಬಾರದು. ಯಾವ ಔಷಧಿ, ಎಷ್ಟು ದಿನ, ಯಾವ ಲಕ್ಷಣ ಕಂಡರೆ ವಾಪಸ್ ಕಳಿಸಬೇಕು, ಯಾರಿಗೆ ಫೋನ್ ಮಾಡಬೇಕು — ಇಷ್ಟಿದ್ದರೆ ಸಾಕು. ಅದರ ಕನ್ನಡ ಪ್ರತಿ ರೋಗಿಯ ಕೈಯಲ್ಲಿರಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ, ಒಂದು ಸುತ್ತೋಲೆ ಹೊರಡಿಸಿ.