‘ಕಚ್ತದೆ ಅಂತ ಹೇಳ್ಬಾರ್ದಿತ್ತಾ ಅಮ್ಮಾ?’

ಕುಣಿಗಲ್ಲಿನ ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ತೋಟದ ಕೂಲಿಯವರೊಬ್ಬರು ಎಡಗಾಲು ನೀಡಿಕೊಂಡು ಕೂತಿದ್ದರು. ಮೀನಖಂಡದಲ್ಲಿ ನಾಲ್ಕು ಹಲ್ಲು ಇಳಿದಿದ್ದವು. ತೋಟದಲ್ಲಿ ಯಾರೋ ಗಾಯಕ್ಕೆ ಸುಣ್ಣ, ಅರಿಶಿನ ಮೆತ್ತಿದ್ದರು. ನರ್ಸ್ ಅದನ್ನೆಲ್ಲ ನಲ್ಲಿಯ ಕೆಳಗೆ ಸೋಪು ಹಚ್ಚಿ ತೊಳೆಸಿದ್ದರು. ತುಮಕೂರಿನಿಂದ ಓಡಿಬಂದು ನಾನು ಎದುರು ನಿಂತಾಗ ಅವರು ಬೈಯಲಿಲ್ಲ. ‘ನಾಯಿ ಅಂದ್ಮೇಲೆ ಕಚ್ತದೆ, ಅದುಕ್ಕೇನ್ ಗೊತ್ತಾಯ್ತದೆ. ಆದ್ರೆ ಕಚ್ತದೆ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ ಅಮ್ಮಾ?’ ಅಂದರು.

ಕಚ್ಚಿದ್ದು ನನ್ನ ಕೆಂಚ. ಎಂಟು ವರ್ಷದ ಕೆಳಗೆ, ಮಳೆಯಲ್ಲಿ ನೆನೆಯುತ್ತಿದ್ದ ಕೆಂಪು ಮರಿಯೊಂದನ್ನು ಕ್ಯಾತಸಂದ್ರದ ಬಸ್ ನಿಲ್ದಾಣದಿಂದ ನನ್ನ ಮಗ ಸ್ಕೂಲ್ ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದ. ಅಪ್ಪಟ ಬೀದಿ ತಳಿ. ನಮ್ಮತ್ತೆ ಹಾಸಿಗೆ ಹಿಡಿದ ಕೊನೆಯ ನಾಲ್ಕು ತಿಂಗಳು ಅವರ ಮಂಚದ ಕೆಳಗಿನಿಂದ ಅಲ್ಲಾಡಲಿಲ್ಲ. ಅವರು ಹೋದ ಮೇಲೆ ಎರಡು ದಿನ ಮುದ್ದೆ ಮುಟ್ಟಲಿಲ್ಲ. ಅಂಥ ಜೀವದ ಬಗ್ಗೆ ‘ಇದು ಜನರಿಗೆ ಅಪಾಯ’ ಅಂತ ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಎಂಬುದು ನಾಯಿ ಸಾಕಿದವರಿಗೆ ಗೊತ್ತು. ಕಷ್ಟ ಅಂತ ನಾನು ಹೇಳದೆ ಉಳಿದೆ. ಅದೇ ನನ್ನ ತಪ್ಪು.

ಮೊದಲು ಕೆಂಚ ಹಿಡಿದದ್ದು ಕೊರಿಯರ್ ಹುಡುಗನನ್ನು. ಪ್ಯಾಂಟು ಹರಿದು ತೊಡೆ ತರಚಿತ್ತು. ‘ಹೆಲ್ಮೆಟ್ ಹಾಕ್ಕೊಂಡು ಬಂದ, ಅದಕ್ಕೇ’ ಅಂದುಕೊಂಡೆವು. ಎರಡನೆಯದು ಪಕ್ಕದ ಮನೆಯ ಏಳು ವರ್ಷದ ಹುಡುಗಿ, ಚೆಂಡು ಎತ್ತಿಕೊಳ್ಳಲು ಬಂದಿದ್ದಳು. ಮುಂಗೈ ಕಚ್ಚಿದ. ಆ ಮಗುವಿನ ತಾಯಿಗೆ ನಾನು, ‘ಬಾಲ ಎಳೆದಿರಬೇಕು ನೋಡಿ’ ಅಂದೆ. ಬಾಲ ಎಳೆದದ್ದನ್ನು ನಾನು ನೋಡಿರಲಿಲ್ಲ. ರಕ್ತ ಸೋರುತ್ತಿದ್ದ ಮಗುವಿನ ಮೇಲೆ ತಪ್ಪು ಹೊರಿಸಿ ನನ್ನ ನಾಯಿಯನ್ನು ಉಳಿಸಿಕೊಂಡೆ. ಆ ಮಾತು ಇವತ್ತಿಗೂ ಎದೆಗೆ ಚುಚ್ಚುತ್ತದೆ.

ಬೀದಿಯವರು ಸೇರಿ ಕೇಳಿದ ಮೇಲೆ ಮನೆಯಲ್ಲಿ ಮಾತಾಯಿತು. ‘ತೋಟಕ್ಕೆ ಬಿಟ್ಟುಬಿಡೋಣ. ಅಲ್ಲಿ ಆರಾಮಾಗಿ ಓಡಾಡ್ಕೊಂಡಿರ್ತಾನೆ, ಕಾವಲೂ ಆಯ್ತು’ ಅಂದರು ಯಜಮಾನರು. ತುಮಕೂರಿನಲ್ಲಿ ಈ ಮಾತು ಕೇಳದ ಬಡಾವಣೆ ಇಲ್ಲ. ಎಲ್ಲರಿಗೂ ಗುಬ್ಬಿ ಕಡೆಯೋ ಕುಣಿಗಲ್ ಕಡೆಯೋ ಒಂದು ತೋಟದ ನಂಟು ಇದ್ದೇ ಇರುತ್ತದೆ. ನಮ್ಮದು ಹುಲಿಯೂರುದುರ್ಗದ ರಸ್ತೆಯಲ್ಲಿ ನೆಂಟರ ತೆಂಗಿನ ತೋಟ. ಕೆಂಚನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬಂದೆವು. ಅವನು ಏನು ಮಾಡಿದ್ದ ಎಂದು ಅಲ್ಲಿ ಯಾರಿಗೂ ಹೇಳಲಿಲ್ಲ.

ತೋಟ ಖಾಲಿ ಜಾಗ ಅಂತ ನಾವು ಪೇಟೆಯವರು ಅಂದುಕೊಂಡಿದ್ದೇವೆ. ಅಲ್ಲಿ ಕಾಯಿ ಕೀಳುವವರು ಬರುತ್ತಾರೆ, ಲೈನ್‌ಮನ್ ಬರುತ್ತಾನೆ, ಗರಿ, ಎಡಮಟ್ಟೆ ಆಯಲು ಹೆಂಗಸರು ಬರುತ್ತಾರೆ. ಬಗ್ಗಿ ಕೆಲಸ ಮಾಡುವವರಿಗೆ ಹಿಂದಿನಿಂದ ಬರುವ ನಾಯಿ ಕಾಣುವುದಿಲ್ಲ. ನಮ್ಮ ಬೀದಿಯವರ ಹಾಗೆ ಗುಂಪಾಗಿ ಬಂದು ಕೇಳುವುದಕ್ಕೂ ಅವರಿಗೆ ಆಗುವುದಿಲ್ಲ, ನಾಳೆ ಕೂಲಿಗೆ ಕರೆಯಬೇಕಾದವರು ಆ ತೋಟದವರೇ. ಅಪಾಯವನ್ನು ನಾನು ದೂರ ಮಾಡಿರಲಿಲ್ಲ, ಬಾಯಿಲ್ಲದವರ ಕಡೆಗೆ ತಳ್ಳಿದ್ದೆ.

ನೆಂಟರು ‘ಐನೂರು ರೂಪಾಯಿ ಕೊಟ್ಟು ಕಳಿಸಿದ್ರಾಯ್ತು’ ಅಂದರು. ಲೆಕ್ಕ ಅಷ್ಟಕ್ಕೆ ಮುಗಿಯುವುದಿಲ್ಲ. ಚರ್ಮದೊಳಕ್ಕೆ ಕೊಡುವ ರೇಬೀಸ್ ಲಸಿಕೆ ಕಚ್ಚಿದ ದಿನ, ಆಮೇಲೆ 3, 7 ಮತ್ತು 28ನೇ ದಿನ. ಹಲ್ಲು ಆಳಕ್ಕೆ ಇಳಿದಿದ್ದರೆ ಗಾಯದ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್ ಕೂಡ. ಸರ್ಕಾರಿ ಆಸ್ಪತ್ರೆಯಲ್ಲಿ ಇವು ಉಚಿತ. ಆದರೆ ನಾಲ್ಕು ಸಲ ಬಸ್ಸು, ನಾಲ್ಕು ದಿನದ ಕೂಲಿ, ಕಾಲು ಊದಿಕೊಂಡು ಮಲಗಿದ ದಿನಗಳ ಕೂಲಿ, ಅದನ್ನು ಯಾರು ಕೊಡಬೇಕು? ನಾಯಿ ಸಾಕಿದವರು ಕೊಡಬೇಕು. ನಾನು ಕೊಟ್ಟೆ. ಕೊಟ್ಟದ್ದು ದೊಡ್ಡ ಗುಣವೇನಲ್ಲ, ಅದು ಸಾಲ.

‘ನಾಯಿಗೆ ಲಸಿಕೆ ಆಗಿದೆಯಾ?’ ಎಂದು ಡಾಕ್ಟರು ಕೇಳಿದರು. ಆಗಿದೆ ಅಂದೆ. ಮನೆಗೆ ಬಂದು ಕಾರ್ಡು ಹುಡುಕಿದರೆ ಅವಧಿ ಮುಗಿದು ಐದು ತಿಂಗಳಾಗಿತ್ತು. ಕೆಂಚನನ್ನು ವಾಪಸು ತಂದು ಹತ್ತು ದಿನ ಹಿತ್ತಲ ಕೋಣೆಯಲ್ಲಿ ಇಟ್ಟುಕೊಂಡೆವು. ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ, ಕಚ್ಚುವಾಗ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಎಂದರ್ಥ. ಹಾಗಂತ ಲಸಿಕೆಗೆ ಹತ್ತು ದಿನ ಕಾಯುವಂತಿಲ್ಲ, ಅದು ಅವತ್ತೇ ಶುರುವಾಗಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಆ ಹತ್ತು ದಿನ ಅವನು ನೀರು ಕುಡಿಯುವುದನ್ನು ನೋಡುವುದೇ ನನ್ನ ಕೆಲಸವಾಗಿತ್ತು. ಕುಡಿದಾಗಲೆಲ್ಲ ಕುಣಿಗಲ್ಲಿಗೆ ಫೋನ್ ಮಾಡಿ ಹೇಳುತ್ತಿದ್ದೆ.

ನಾನು ಹುಟ್ಟಿ ಬೆಳೆದದ್ದು ಗುಬ್ಬಿ ತಾಲ್ಲೂಕಿನ ಹಳ್ಳಿ. ನಾನು ಚಿಕ್ಕವಳಿದ್ದಾಗ ನಮ್ಮಪ್ಪನಿಗೆ ನಾಯಿ ಕಚ್ಚಿ, ಹೊಕ್ಕುಳ ಸುತ್ತ 14 ಸೂಜಿ ಹಾಕಿಸಿಕೊಂಡಿದ್ದರು. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ ಅದು. ಈಗ ಅದು ಬಳಕೆಯಲ್ಲಿಲ್ಲ. ಅಪ್ಪ ಹೊಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಜಗುಲಿಯಲ್ಲಿ ಮಲಗಿದ್ದದ್ದು ಕಣ್ಣಿಗೆ ಕಟ್ಟಿದೆ. ಆಗೆಲ್ಲ ನಮ್ಮೂರಲ್ಲಿ ಒಬ್ಬರ ಮನೆಗೆ ಹೋಗುವವರು ದೂರದಲ್ಲೇ ನಿಂತು, ‘ನಾಯಿ ಕಟ್ಟಾಕಿದೀರಾ?’ ಎಂದು ಕೂಗುತ್ತಿದ್ದರು. ಒಳಗಿನವರು ‘ಇರಿ, ಹಿಡ್ಕೊತೀನಿ’ ಅನ್ನುತ್ತಿದ್ದರು. ಯಾವ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದು ಊರಿಗೇ ಗೊತ್ತಿತ್ತು. ನಾಯಿಯ ಗುಣ ಹೇಳಿದರೆ ಯಜಮಾನನ ಮರ್ಯಾದೆ ಹೋಗುತ್ತದೆ ಅಂತ ಯಾರೂ ತಿಳಿದಿರಲಿಲ್ಲ. ಅದು ಪೇಟೆಗೆ ಬಂದ ಮೇಲೆ ನಾವು ಕಲಿತದ್ದು.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ಸಾಕಣೆಗೆ ತಡೆ ಹಾಕಲು ಸುತ್ತೋಲೆ ಹೊರಡಿಸಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರಲ್ಲಿ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದಾಗ ಟೀ ಅಂಗಡಿಯಲ್ಲೆಲ್ಲ ಅದೇ ಮಾತು. ಎರಡು ಚರ್ಚೆಯಲ್ಲೂ ಕೆಂಚನಂಥವನು ಬರುವುದಿಲ್ಲ. ಅವನು ಯಾವ ತಳಿಯ ಪಟ್ಟಿಯಲ್ಲೂ ಇಲ್ಲ, ಈಗ ಬೀದಿಯವನೂ ಅಲ್ಲ. ಅವನಿಗೆ ಸಂಬಂಧಿಸಿದ್ದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ: ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದನ್ನು ನಾನು ಓದಿದ್ದು ಮೂರನೆಯ ಕಡಿತದ ಮೇಲೆ.

ಪಶುವೈದ್ಯರ ಹತ್ತಿರ ‘ಕಚ್ಚುತ್ತಾನೆ, ಯಾಕೆ ನೋಡಿ’ ಎಂದು ಕರೆದುಕೊಂಡು ಹೋದದ್ದೂ ಆವಾಗಲೇ. ಅವರು ಹಿಂಗಾಲು ಒತ್ತಿ ನೋಡಿದರು. ಸೊಂಟದ ಕೀಲಿನಲ್ಲಿ ಹಳೆಯ ನೋವು. ಹಿಂದಿನಿಂದ ಯಾರಾದರೂ ಬಂದರೆ, ಹತ್ತಿರ ಬಗ್ಗಿದರೆ, ಮುಟ್ಟುವ ಮೊದಲೇ ಹೆದರಿ ಬಾಯಿ ಹಾಕುತ್ತಿದ್ದ. ನೋವಿಗೆ ಮಾತ್ರೆ ಕೊಟ್ಟರು. ಗುರುಗುಟ್ಟಿದಾಗ ಹೊಡೆಯುತ್ತಿದ್ದಿರಾ ಎಂದು ಕೇಳಿದರು. ಹೌದು, ಹೊಡೆಯುತ್ತಿದ್ದೆವು. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ, ಅದನ್ನು ಹೊಡೆದು ಬಿಡಿಸಿದರೆ ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ ಅಂದರು. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿದರೂ ಸಿಟ್ಟು ಹೆಚ್ಚುತ್ತದಂತೆ. ಯಾವ ಉಪಾಯವೂ ನಡೆಯದೆ, ನೋವೂ ಇಳಿಯದೆ ಹೋದರೆ ನಿದ್ದೆಯಲ್ಲಿ ಕಳಿಸಿಕೊಡುವ ಮಾತನ್ನೂ ಮುಚ್ಚಿಡದೆ ಹೇಳಿದರು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಅಂಥ ದಿನ ಬಂದರೆ ನಾನೇ ತಲೆ ಹಿಡಿದು ಕೂರುತ್ತೇನೆ. ಹೆದ್ದಾರಿ ಬದಿಯಲ್ಲಿ ಇಳಿಸಿ ಬರುವುದಿಲ್ಲ, ಇನ್ನೊಬ್ಬರ ತೋಟಕ್ಕೂ ಬಿಡುವುದಿಲ್ಲ.

ಈಗ ಕೆಂಚನ ಬಾಯಿಗೆ ಕುಕ್ಕೆ ಇದೆ. ಪೈರಿನ ನಡುವೆ ಕುಂಟೆ ಹೊಡೆಯುವಾಗ ಎತ್ತಿಗೆ ಕುಕ್ಕೆ ಹಾಕಿದರೆ ಅದನ್ನು ಹಿಂಸೆ ಅನ್ನುವ ರೈತ ಇಲ್ಲ. ನಾಯಿಯದು ಬುಟ್ಟಿಯ ಹಾಗಿರಬೇಕು, ಬಾಯಿ ತೆರೆದು ತೇಕಲು, ನೀರು ಕುಡಿಯಲು ಆಗಬೇಕು. ಮೂರು ವಾರ ಅದರೊಳಗೆ ಬಿಸ್ಕತ್ತು ಇಟ್ಟು ಇಟ್ಟು ರೂಢಿ ಮಾಡಿಸಿದೆ. ಹೊರಗೆ ಹೋಗುವಾಗ, ಮನೆಗೆ ಯಾರಾದರೂ ಬಂದಾಗ ಅದು ಇರಲೇಬೇಕು. ಗೇಟಿಗೂ ಬಾಗಿಲಿಗೂ ನಡುವೆ ಇನ್ನೊಂದು ಗ್ರಿಲ್ ಹಾಕಿಸಿದ್ದೇವೆ. ಸಾಕುನಾಯಿಯ ಲಸಿಕೆ ಕಾರ್ಡು ವರ್ಷಕ್ಕೊಮ್ಮೆ ತೋರಿಸಲೇಬೇಕೆಂದು ಮಹಾನಗರ ಪಾಲಿಕೆ ಮನೆ ಮನೆಗೆ ಬಂದು ಕೇಳಲಿ. ಪಂಚಾಯಿತಿಗಳು ತೋಟದ ಮನೆಗಳಲ್ಲೂ ಕೇಳಲಿ, ಅಲ್ಲಿ ಇನ್ನೂ ಹೆಚ್ಚು ಬೇಕು. 2022ರಿಂದ ರಾಜ್ಯದಲ್ಲಿ ರೇಬೀಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ. ಆದರೆ ಮನೆನಾಯಿ ಕಚ್ಚಿದ್ದು ಮನೆಯವರ ಬಾಯಲ್ಲೇ ಮುಚ್ಚಿಹೋದರೆ ಆಸ್ಪತ್ರೆ ಏನು ಮಾಡೀತು?

ಗೇಟಿಗೆ ಅಂಗಡಿಯಲ್ಲಿ ಸಿಗುವ ‘ನಾಯಿ ಇದೆ ಎಚ್ಚರಿಕೆ’ ತೆಗೆದು, ನಾನೇ ಬಣ್ಣದಲ್ಲಿ ಬರೆದು ಹಾಕಿದೆ: ‘ಈ ಮನೆಯ ನಾಯಿ ಕಚ್ಚುತ್ತದೆ. ಮೂವರಿಗೆ ಕಚ್ಚಿದೆ. ಹೊರಗೇ ನಿಂತು ಕೂಗಿ.’ ‘ಮೂವರಿಗೆ ಅಂತ ಯಾಕಮ್ಮಾ?’ ಅಂದ ಮಗ. ಅಳಿಸಲಿಲ್ಲ. ಪಕ್ಕದ ಮನೆಯ ಆ ಹುಡುಗಿ ಈಗ ಮೂರನೇ ಕ್ಲಾಸು. ಸ್ಕೂಲಿನಿಂದ ಬರುವಾಗ ಅದನ್ನು ಗಟ್ಟಿಯಾಗಿ ಓದುತ್ತಾಳೆ. ಓದಿ ಮುಗಿಸಿ, ಗೇಟು ಮುಟ್ಟದೆ, ‘ಆಂಟೀ, ಕೆಂಚನ್ನ ಕಟ್ಟಾಕಿದೀರಾ?’ ಎಂದು ಕೂಗುತ್ತಾಳೆ. ‘ಇರಮ್ಮಾ, ಹಿಡ್ಕೊತೀನಿ’ ಅನ್ನುತ್ತಾ ನಾನು ಒಳಗಿನಿಂದ ಬರುತ್ತೇನೆ.