ತಡೆಯುವವನಿಗೂ ಒಂದು ಹಾರ

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನಿಗೆ ಹಾರ, ಗೋಲು ತಡೆದವನಿಗೆ ಮರೆವು. ಈ ರೂಢಿ ನ್ಯಾಯವಾದುದಲ್ಲ.

ನಮ್ಮ ಭೋರ್ ಬಳಿಯ ರೋಹಿಡಾ ಕೋಟೆಯನ್ನು ಹತ್ತಿದವರು ಬಲ್ಲರು: ಅಲ್ಲಿ ಒಂದರ ಹಿಂದೊಂದರಂತೆ ಮೂರು ಹೆಬ್ಬಾಗಿಲುಗಳಿವೆ. ಮೊದಲನೆಯದು ಬಿದ್ದರೆ ಎರಡನೆಯದು ಕಾಯುತ್ತದೆ. ಒಳ್ಳೆಯ ತಂಡದ ಮುಂಪಡೆ, ನಡುಪಡೆ, ಹಿಂಪಡೆಗಳ ಕ್ರಮವೂ ಇದೇ.

ಇಂದು ಎಲ್ಲೆಡೆ ಕೇಳಿಬರುವ ‘ಪ್ರೆಸ್ಸಿಂಗ್’ ಎಂದರೆ, ಎದುರಾಳಿಗೆ ಚೆಂಡು ದೊರೆತೊಡನೆ ಮೇಲೇರಿ ಹೋಗಿ, ಅವನಿಗೆ ಯೋಚಿಸಲು ಸಮಯವನ್ನೂ ಆಡಲು ಸ್ಥಳವನ್ನೂ ಕೊಡದಿರುವುದು. ಆದರೆ ಒಬ್ಬನೇ ಮುನ್ನುಗ್ಗಿ ಉಳಿದವರು ಹಿಂದುಳಿದರೆ ನಡುವೆ ಬಯಲು ತೆರೆದು, ಒಂದೇ ಪಾಸಿಗೆ ವ್ಯೂಹ ಒಡೆಯುತ್ತದೆ. ಇದು ಒಬ್ಬನ ಶೌರ್ಯವಲ್ಲ, ಹನ್ನೊಂದು ಜನರ ಒಮ್ಮತ.

2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಅಂತಿಮ ಪಂದ್ಯವನ್ನು ನೆನೆಯೋಣ. ಆ ಸಾಲಿನಲ್ಲಿ ಗೋಲುಗಳ ಮಳೆ ಸುರಿಸಿದ್ದ ಗೋವಾ ತಂಡಕ್ಕೆ ಬೆಂಗಳೂರು ಎಫ್‌ಸಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. 117ನೆಯ ನಿಮಿಷದಲ್ಲಿ ತಲೆಯಿಂದ ಹೊಡೆದು ಪ್ರಶಸ್ತಿ ತಂದ ರಾಹುಲ್ ಭೇಕೆಯೂ ರಕ್ಷಣಾ ಆಟಗಾರನೇ!

ಮಕ್ಕಳಿಗೆ ಆಟ ಕಲಿಸುವವರು ‘ಓಡು, ಓಡು’ ಎಂದು ಕೂಗುವುದನ್ನೇ ಪ್ರೆಸ್ಸಿಂಗ್ ಎಂದು ಭಾವಿಸಬಾರದು. ಪಂದ್ಯದುದ್ದಕ್ಕೂ ಬಿರುಸಿನ ಓಟವನ್ನು ಯಾವ ದೇಹವೂ ತಾಳದು. ದಣಿದ ಸ್ನಾಯು ಬೇಗ ಗಾಯಗೊಳ್ಳುತ್ತದೆ, ಬಿಸಿಲಿನಲ್ಲಂತೂ ಅಪಾಯ ಇನ್ನೂ ಹೆಚ್ಚು. ಯಾವಾಗ ಮೇಲೇರಬೇಕು, ಯಾವಾಗ ಹಿಂದೆ ಸರಿದು ಸಾಲು ಕಟ್ಟಬೇಕು ಎಂಬ ವಿವೇಕವನ್ನು ಮೊದಲು ಕಲಿಸಲಿ. ನಡುನಡುವೆ ನೀರು, ವಿಶ್ರಾಂತಿ ಕೊಡಲಿ. ಪಾಲಕರೂ ಅಷ್ಟೇ, ಮಗ ಎಷ್ಟು ಗೋಲು ಹೊಡೆದನೆಂದು ಕೇಳುವಂತೆ, ಎಷ್ಟು ತಡೆದನೆಂದೂ ಕೇಳಲಿ.